ತಿರುಳು ಒಂದೇ, ಗೋಡೆ ಬೇರೆ

ಕನ್ನಡ ನಾಡಿನ ತಿರುಳು ಎಲ್ಲಿದೆ ಎಂದು ಕೇಳಿದರೆ ಕವಿರಾಜಮಾರ್ಗ ನಾಲ್ಕು ಊರುಗಳನ್ನು ತೋರಿಸುತ್ತದೆ. ಕಿಸುವೊಳಲು, ಕೊಪಣ, ಒಕ್ಕುಂದ ಮತ್ತು ಪುಲಿಗೆರೆ. ಈ ಪುಲಿಗೆರೆಯೇ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಕ್ರಿ.ಶ. 941ರ ಸುಮಾರಿಗೆ ಭಾರತದ ಕತೆಯನ್ನು ಕನ್ನಡಕ್ಕೆ ತಂದ ಪಂಪನೂ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟವನೇ. ತಿರುಳೆಂದರೆ ಸಿಪ್ಪೆಯನ್ನೆಲ್ಲ ಸುಲಿದ ಮೇಲೆ ಒಳಗೆ ಉಳಿಯುವ ಕಾಳು. ಶೇಂಗಾ ಬೆಳೆಯುವ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಕಾಳಿಗೆ ಇಂಗ್ಲಿಷಿನವರು 'ಕರ್ನಲ್' ಎನ್ನುತ್ತಾರೆ. ಗಣಕಯಂತ್ರದ ಪಂಡಿತರು ಆ ಮಾತನ್ನು ಎರವಲು ತಂದು ತಮ್ಮ ಯಂತ್ರದ ಒಳಜೀವಕ್ಕೆ ಇಟ್ಟುಕೊಂಡರು. ಗಣಕದಲ್ಲಿ ಎಷ್ಟೇ ತಂತ್ರಾಂಶಗಳಿರಲಿ, ಅವು ನೇರವಾಗಿ ಯಂತ್ರವನ್ನು ಮುಟ್ಟುವಂತಿಲ್ಲ. ನಡುವೆ ಕರ್ನಲ್ ಕುಳಿತಿರುತ್ತದೆ. ಯಾರಿಗೆ ಎಷ್ಟು ಹೊತ್ತು ಲೆಕ್ಕ ಮಾಡುವ ಅವಕಾಶ, ಯಾರಿಗೆ ಎಷ್ಟು ಮೆಮೊರಿ, ಯಾರು ಯಾವ ಕಡತ ತೆರೆಯಬಹುದು, ಯಾರ ಮಾತು ಹೊರಗಿನ ಜಾಲಕ್ಕೆ ಹೋಗಬಹುದು ಎಂಬ ಎಲ್ಲದಕ್ಕೂ ಅದರ ಅಪ್ಪಣೆ ಬೇಕು. ವಿಂಡೋಸ್‌ಗೆ ಒಂದು ಕರ್ನಲ್, ಲಿನಕ್ಸ್‌ಗೆ ಇನ್ನೊಂದು.

ದೊಡ್ಡ ಗಣಕವೊಂದರಲ್ಲಿ ಹತ್ತಾರು ಕೆಲಸಗಳನ್ನು ಒಟ್ಟಿಗೆ ಇಡಬೇಕಾದಾಗ ಒಂದು ಪ್ರಶ್ನೆ ಏಳುತ್ತದೆ. ಪ್ರತಿಯೊಂದಕ್ಕೂ ಅದರದೇ ತಿರುಳು ಕೊಡಬೇಕೋ? ಅಥವಾ ಒಂದೇ ತಿರುಳನ್ನು ಎಲ್ಲರೂ ಹಂಚಿಕೊಂಡು ಬಾಳಬೇಕೋ? ಮೊದಲನೆಯ ಏರ್ಪಾಟಿಗೆ 'ವರ್ಚುಯಲ್ ಮಷೀನ್' ಎಂದು ಹೆಸರು, ಎರಡನೆಯದಕ್ಕೆ 'ಕಂಟೇನರ್' ಎಂದು. ತಂತ್ರಾಂಶ ಲೋಕದಲ್ಲಿ ಈ ಎರಡು ಹೆಸರುಗಳ ಸುತ್ತ ಎದ್ದಿರುವ ಸದ್ದು ಅಷ್ಟಿಷ್ಟಲ್ಲ. ಆದರೆ ಬುಡದಲ್ಲಿರುವ ಭೇದ ಇಷ್ಟೇ.

ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯವನ್ನು ನೋಡಿದವರಿಗೆ ಎರಡನೆಯ ಏರ್ಪಾಟು ಬೇಗ ಮನಸ್ಸಿಗೆ ಬರುತ್ತದೆ. ಚಾಲುಕ್ಯರ ಕಾಲದ ಈ ಗುಡಿಗೆ ಕೋಟೆಯಂಥ ಎತ್ತರದ ಸುತ್ತುಗೋಡೆ, ಮೂರು ಬಾಗಿಲು. ಒಳಗೆ ಗೋಡೆಗುಂಟ ಸಣ್ಣ ಸಣ್ಣ ಗುಡಿಗಳು, ಬಹುಪಾಲು ಶಿವನವು. ಪ್ರಾಕಾರದೊಳಗೇ ಮೆಟ್ಟಿಲಿಳಿದು ಹೋಗುವ ತೆರೆದ ಬಾವಿ. ಒಂದೊಂದು ಗುಡಿಗೂ ತನ್ನದೇ ಹೊಸ್ತಿಲು, ಆದರೆ ಬಾವಿ ಎಲ್ಲಕ್ಕೂ ಒಂದೇ. ಕಂಟೇನರ್ ಎಂದರೆ ಇಂಥ ಸಣ್ಣ ಗುಡಿ, ಬಾವಿಯೇ ಕರ್ನಲ್. ವರ್ಚುಯಲ್ ಮಷೀನ್ ಎಂದರೆ ಪ್ರತಿ ದೇವರಿಗೂ ಬೇರೆ ಕೋಟೆಗೋಡೆ ಕಟ್ಟಿಸಿ, ಬೇರೆ ಬಾವಿ ತೋಡಿಸಿಕೊಟ್ಟ ಹಾಗೆ. (ಈ ಗುಡಿಯ ಜೀರ್ಣೋದ್ಧಾರಕ್ಕೆ ಹಣ ಕೊಟ್ಟದ್ದು ಇನ್ಫೊಸಿಸ್ ಪ್ರತಿಷ್ಠಾನ. ತಂತ್ರಾಂಶದ ಗಳಿಕೆ ಪುಲಿಗೆರೆಯ ಕಲ್ಲಿಗೂ ಬಂದು ಸೇರಿದೆ ಎನ್ನಬೇಕು!)

ಇದರಿಂದ ಊರಿನವರಿಗೆ ಏನಾಗಬೇಕು ಎಂಬ ಪ್ರಶ್ನೆ ಸಹಜ. ಪಹಣಿ ಬೇಕೆಂದು ಕೇಳಿದಾಗ, ಮಗನ ಪರೀಕ್ಷೆಯ ಫಲಿತಾಂಶ ನೋಡುವಾಗ, ಮೊಬೈಲಿನಲ್ಲಿ ಕಿರಾಣಿ ಅಂಗಡಿಗೆ ದುಡ್ಡು ಕಳಿಸುವಾಗ, ಎಲ್ಲೋ ದೂರದ ಗಣಕವೊಂದರ ಒಳಗಿನ ಇಂಥ ಒಂದು ಕೋಣೆಯಿಂದ ಉತ್ತರ ಬರುತ್ತದೆ. ಆ ಕೋಣೆಯ ಪಕ್ಕದಲ್ಲಿ ಯಾರಿದ್ದಾರೆ, ನಡುವಿನ ಗೋಡೆ ಎಷ್ಟು ದಪ್ಪವಿದೆ ಎಂಬುದು ಕೇವಲ ಎಂಜಿನಿಯರುಗಳ ಹರಟೆಯ ವಿಷಯವಲ್ಲ.

ಒಂದು ಕೆಲಸಕ್ಕೆ ಒಂದು ಯಂತ್ರ

ಹಿಂದೆ ಗೋಡೆಯ ಪ್ರಶ್ನೆಯೇ ಇರಲಿಲ್ಲ. ಒಂದು ಕೆಲಸಕ್ಕೆ ಒಂದು ಯಂತ್ರ. ರಾಜ್ಯ ಸರ್ಕಾರದ 'ಭೂಮಿ' ಯೋಜನೆಯನ್ನೇ ನೋಡಬಹುದು. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಈ ಯೋಜನೆ 2001ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಿಗೆ ಹಬ್ಬಿತು. ಆಗ ಪ್ರತಿ ತಾಲ್ಲೂಕು ಕಚೇರಿಗೂ ಅದರದೇ ಗಣಕ, ಆ ತಾಲ್ಲೂಕಿನ ದಾಖಲೆ ಆ ಗಣಕದಲ್ಲೇ. ಲಕ್ಷ್ಮೇಶ್ವರ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಇಲ್ಲಿಯ ರೈತನ ಹೊಲದ ಲೆಕ್ಕ ಶಿರಹಟ್ಟಿ ತಾಲ್ಲೂಕಿನ ಜೊತೆಗಿತ್ತು.

ಈ ಪದ್ಧತಿಯಲ್ಲಿ ಒಂದು ದೊಡ್ಡ ನೆಮ್ಮದಿ ಇದೆ. ಒಂದು ಊರಿನ ಯಂತ್ರ ಕೆಟ್ಟರೆ ಇನ್ನೊಂದು ಊರಿಗೆ ಬಿಸಿ ತಟ್ಟುವುದಿಲ್ಲ. ಆದರೆ ವೆಚ್ಚ? ಪಹಣಿ ಕೇಳುವವರ ಸಾಲು ಬೆಳಿಗ್ಗೆ ಕಚೇರಿ ತೆರೆದಾಗ ಉದ್ದ, ಮಧ್ಯಾಹ್ನ ಗಿಡ್ಡ, ರಾತ್ರಿಗೆ ಸೊನ್ನೆ. ಯಂತ್ರ ಮಾತ್ರ ಇಪ್ಪತ್ತನಾಲ್ಕು ತಾಸೂ ಕರೆಂಟು ತಿನ್ನುತ್ತ ಕೂತಿರುತ್ತದೆ. ಲೋಕದ ಎಲ್ಲ ಕಂಪೆನಿ, ಬ್ಯಾಂಕು, ಕಚೇರಿಗಳ ಗಣಕಕೋಣೆಗಳಲ್ಲೂ ಇದೇ ಪಾಡು. ವರ್ಷಕ್ಕೊಮ್ಮೆ ಬರುವ ಜಾತ್ರೆಗೆಂದು ವರ್ಷವಿಡೀ ನೂರು ಮಂದಿಯ ಅಡುಗೆಯ ಒಲೆ ಉರಿಸಿದಂತೆ.

ಯಂತ್ರದೊಳಗೆ ಯಂತ್ರ

ಇದಕ್ಕೊಂದು ಉಪಾಯವನ್ನು ಐಬಿಎಂ ಕಂಪೆನಿ 1960ರ ದಶಕದಲ್ಲೇ ಹುಡುಕಿತ್ತು. ಒಂದು ದೊಡ್ಡ ಗಣಕವನ್ನು ಹಲವು ಗಣಕಗಳೆಂದು ನಟಿಸುವಂತೆ ಮಾಡುವುದು. 1972ರಲ್ಲಿ ಅದು 'ವಿಎಂ/370' ಎಂಬ ಹೆಸರಿನಲ್ಲಿ ಮಾರಾಟಕ್ಕೂ ಬಂತು. ಆದರೆ ಅದು ಕೋಣೆ ತುಂಬುವ ದುಬಾರಿ ಯಂತ್ರಗಳ ಕಾಲ. ಮೇಜಿನ ಮೇಲಿನ ಸಾಧಾರಣ ಗಣಕದಲ್ಲಿ ಇದು ಆಗದ ಮಾತೆಂದು ಬಹಳ ಜನ ನಂಬಿದ್ದರು. ಅಂಥ ನಂಬಿಕೆಗೆ ಕಾರಣವೂ ಇತ್ತು. ಇಂಟೆಲ್ ಮಾದರಿಯ ಚಿಪ್ಪಿನಲ್ಲಿ ಕೆಲವು ಆಜ್ಞೆಗಳು ಮೇಲ್ವಿಚಾರಕನ ಕಣ್ಣಿಗೆ ಬೀಳದೆ ನುಸುಳಿಬಿಡುತ್ತಿದ್ದವು. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪೆನಿ ಮರುವರ್ಷ ಆ ಕಳ್ಳ ಆಜ್ಞೆಗಳನ್ನು ಓಡುತ್ತಿರುವಾಗಲೇ ತಿದ್ದಿ ಬರೆಯುವ ಚಮತ್ಕಾರ ತೋರಿಸಿತು. 2005ರ ನಂತರ ಇಂಟೆಲ್ ಮತ್ತು ಎಎಂಡಿ ತಮ್ಮ ಚಿಪ್ಪುಗಳಲ್ಲೇ ಅದಕ್ಕೆ ಅನುಕೂಲ ಮಾಡಿಕೊಟ್ಟ ಮೇಲೆ ದಾರಿ ಸಲೀಸಾಯಿತು.

ಈ ನಾಟಕದ ಸೂತ್ರಧಾರನಿಗೆ 'ಹೈಪರ್‌ವೈಸರ್' ಎಂದು ಹೆಸರು. ಅದು ಸುಳ್ಳು ಡಿಸ್ಕು, ಸುಳ್ಳು ಮೆಮೊರಿ, ಸುಳ್ಳು ನೆಟ್‌ವರ್ಕ್ ಕಾರ್ಡು ಜೋಡಿಸಿ ಒಂದು ಸುಳ್ಳು ಗಣಕವನ್ನೇ ನಿಲ್ಲಿಸುತ್ತದೆ. ಅದರೊಳಗೆ ಇಡೀ ವಿಂಡೋಸನ್ನೋ ಲಿನಕ್ಸನ್ನೋ ಕೂರಿಸಬಹುದು. ಒಳಗಿರುವ ಕರ್ನಲ್‌ಗೆ ತಾನು ನಿಜವಾದ ಯಂತ್ರದ ಮೇಲೇ ಕುಳಿತಿದ್ದೇನೆಂಬ ಭ್ರಮೆ. ಒಂದೇ ಪೆಟ್ಟಿಗೆಯಲ್ಲಿ ಒಂದು ಕಡೆ ವಿಂಡೋಸ್, ಪಕ್ಕದಲ್ಲಿ ಲಿನಕ್ಸ್, ಆಚೆಗೆ ಹತ್ತು ವರ್ಷದ ಹಳೆಯ ಇನ್ನೊಂದು ಲಿನಕ್ಸ್, ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಇಂದು 'ಕ್ಲೌಡ್' ಎಂದು ಕರೆಯುವ ಬಾಡಿಗೆ ಗಣಕಗಳ ವ್ಯಾಪಾರವೆಲ್ಲ ನಿಂತದ್ದು ಈ ಬುನಾದಿಯ ಮೇಲೆ.

ಆದರೆ ಹತ್ತು ಬಾವಿ ತೋಡಿಸಿದವನಿಗೆ ಹತ್ತು ಬಾವಿಯ ಖರ್ಚು. ಒಂದು ಸಣ್ಣ ತಂತ್ರಾಂಶ ನಡೆಸಲು ಇಡೀ ಕಾರ್ಯಾಚರಣೆ ವ್ಯವಸ್ಥೆಯೊಂದು ನೂರಾರು ಮೆಗಾಬೈಟ್ ಮೆಮೊರಿ ಆಕ್ರಮಿಸಿ ಕೂರಬೇಕು. ಚಾಲೂ ಆಗಲು ಅರ್ಧ ನಿಮಿಷವೋ ಒಂದು ನಿಮಿಷವೋ ಬೇಕು. ಹತ್ತು ವರ್ಚುಯಲ್ ಯಂತ್ರಗಳಿದ್ದರೆ ಹತ್ತು ಸಲ ದುರಸ್ತಿ, ಹತ್ತು ಸಲ ಹೊಸ ಆವೃತ್ತಿಯ ಉಸಾಬರಿ.

ಬಾವಿಗೆ ಕಾವಲು

ಹಾಗಾದರೆ ಬಾವಿ ಒಂದೇ ಇರಲಿ, ಕೋಣೆಗಳನ್ನಷ್ಟೇ ಬೇರೆ ಮಾಡೋಣ ಎಂಬ ಯೋಚನೆಯೂ ಹೊಸದಲ್ಲ. 1979ರ ಯೂನಿಕ್ಸ್‌ನಲ್ಲೇ 'ಸಿಎಚ್‌ರೂಟ್' ಎಂಬ ಸೌಕರ್ಯವಿತ್ತು. ಒಂದು ತಂತ್ರಾಂಶಕ್ಕೆ ಡಿಸ್ಕಿನ ಒಂದು ಮೂಲೆಯನ್ನಷ್ಟೇ ತೋರಿಸಿ, ಇದೇ ಇಡೀ ಲೋಕ ಎಂದು ನಂಬಿಸುವ ಏರ್ಪಾಟು. 2000ದಲ್ಲಿ ಫ್ರೀಬಿಎಸ್‌ಡಿಯವರು ಅದನ್ನು ಬಿಗಿ ಮಾಡಿ 'ಜೈಲು' ಎಂದೇ ಹೆಸರಿಟ್ಟರು. ಲಿನಕ್ಸ್ 2002ರಿಂದ ಒಂದೊಂದಾಗಿ 'ನೇಮ್‌ಸ್ಪೇಸ್' ಎಂಬ ತೆರೆಗಳನ್ನು ಸೇರಿಸುತ್ತ ಬಂತು. ತೆರೆ ಎಳೆದರೆ ಒಳಗಿನವರಿಗೆ ಪಕ್ಕದವರ ಕಡತ ಕಾಣದು, ಪಕ್ಕದವರು ಏನು ಓಡಿಸುತ್ತಿದ್ದಾರೆಂಬುದೂ ಕಾಣದು. ಗಣಕದಲ್ಲಿ ಸಾವಿರ ಕೆಲಸಗಳು ಓಡುತ್ತಿದ್ದರೂ ಒಳಗಿನ ತಂತ್ರಾಂಶಕ್ಕೆ ತಾನೇ ಮೊದಲನೆಯವನು, ತಾನೊಬ್ಬನೇ ಎಂಬ ಭಾವನೆ.

ಮರೆ ಮಾಡಿದ್ದಾಯಿತು. ಆದರೆ ಮರೆಯಷ್ಟೇ ಸಾಲದು. ಬಾವಿ ಒಂದೇ ಇದ್ದಾಗ ಒಬ್ಬನೇ ಬಂದು ಬೆಳಗಿನ ಜಾವ ನೀರೆಲ್ಲ ಸೇದಿಕೊಂಡರೆ? ಈ ಕಂಟಕ ಪರಿಹಾರವಾಗದೆ ಕಂಟೇನರ್ ಎಂಬುದು ಆಟಿಕೆಯೇ ಆಗಿ ಉಳಿಯುತ್ತಿತ್ತು. ಇದರಲ್ಲಿ ಕರ್ನಾಟಕದ ಪಾಲೂ ಇದೆ. ಆ ಸಂಗತಿ ಇಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಸ್ಟಾರ್ಟಪ್ಪುಗಳ ಕೋಟಿ ಕೋಟಿಯ ಸುದ್ದಿಗೆ ಸಿಗುವ ಜಾಗ ಇಂಥ ಕೆಲಸಕ್ಕೆ ಸಿಗುವುದಿಲ್ಲ.

2006ರಲ್ಲಿ ಗೂಗಲ್ ಕಂಪೆನಿಯ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್, ತಂತ್ರಾಂಶಗಳನ್ನು ಗುಂಪು ಮಾಡಿ ಗುಂಪಿಗಿಷ್ಟು ಎಂದು ಮಿತಿ ಹಾಕುವ ಚೌಕಟ್ಟನ್ನು ಲಿನಕ್ಸ್‌ಗೆ ಕಟ್ಟತೊಡಗಿದರು. ಮೊದಲು ಅದಕ್ಕೆ ಕಂಟೇನರ್ ಎಂದೇ ಹೆಸರಿತ್ತು. ಕರ್ನಲ್‌ನೊಳಗೆ ಆ ಶಬ್ದಕ್ಕೆ ಆಗಲೇ ಬೇರೆ ಬೇರೆ ಅರ್ಥಗಳಿದ್ದುದರಿಂದ 'ಕಂಟ್ರೋಲ್ ಗ್ರೂಪ್', ಚಿಕ್ಕದಾಗಿ 'ಸಿಗ್ರೂಪ್' ಎಂದಾಯಿತು. ಆದರೆ ಚೌಕಟ್ಟು ಬರೀ ಚೌಕಟ್ಟು. ಅದರೊಳಗೆ ಪ್ರೊಸೆಸರಿನ ಹೊತ್ತನ್ನು ಹಂಚುವವರು, ಮೆಮೊರಿಯನ್ನು ಅಳೆಯುವವರು ಬೇಕಲ್ಲ! ಆ ಎರಡು ತೊಡಕಿನ ಕೆಲಸಗಳಿಗೆ ಕೈ ಹಾಕಿದವರು ಐಬಿಎಂನ ಲಿನಕ್ಸ್ ತಂತ್ರಜ್ಞಾನ ಕೇಂದ್ರದವರು. ಬೆಂಗಳೂರಿನಲ್ಲಿ ಕುಳಿತ ಶ್ರೀವತ್ಸ ವಡ್ಡಗಿರಿ ಪ್ರೊಸೆಸರಿನ ಹಂಚಿಕೆಯನ್ನು ಹಿಡಿದರೆ, ಅದೇ ಕೇಂದ್ರದ ಬಲಬೀರ್ ಸಿಂಗ್ ಮೆಮೊರಿಯನ್ನು ಹಿಡಿದರು.

ಪ್ರೊಸೆಸರಿನ ತಕರಾರು ಏನೆಂದರೆ, ಅಲ್ಲಿಯವರೆಗೆ ಕರ್ನಲ್ ತಲೆ ಎಣಿಸಿ ಸರಿಪಾಲು ಕೊಡುತ್ತಿತ್ತು. ಒಬ್ಬ ಬಳಕೆದಾರ ತೊಂಬತ್ತೊಂಬತ್ತು ಕೆಲಸ ಹಚ್ಚಿ ಇನ್ನೊಬ್ಬ ಒಂದೇ ಕೆಲಸ ಹಚ್ಚಿದರೆ, ಎರಡನೆಯವನಿಗೆ ನೂರರಲ್ಲಿ ಒಂದು ಪಾಲು! ಹಳ್ಳಿಯ ಹಿಸ್ಸೆಯ ಲೆಕ್ಕ ಬಲ್ಲವರು ಇದನ್ನು ಒಪ್ಪುವುದಿಲ್ಲ. ಅಣ್ಣನಿಗೆ ಎಂಟು ಮಕ್ಕಳು, ತಮ್ಮನಿಗೆ ಒಂದು ಎಂದು ಹೊಲವನ್ನು ಒಂಬತ್ತು ಭಾಗ ಮಾಡುತ್ತಾರೆಯೇ? ಮೊದಲು ಅಣ್ಣ ತಮ್ಮಂದಿರ ನಡುವೆ ಅರ್ಧರ್ಧ. ಆಮೇಲೆ ಅಣ್ಣನ ಅರ್ಧದಲ್ಲಿ ಅವನ ಮಕ್ಕಳ ಪಾಲು. ಇಂಗೋ ಮೋಲ್ನಾರ್ 2007ರಲ್ಲಿ ಬರೆದ ಹೊಸ ಹಂಚಿಕೆ ಪದ್ಧತಿಗೆ ಶ್ರೀವತ್ಸ ಅವರು ಸೇರಿಸಿದ್ದು ಇದೇ ನ್ಯಾಯ. ಮೊದಲು ಗುಂಪುಗಳ ನಡುವೆ ಹಂಚು, ಆಮೇಲೆ ಗುಂಪಿನೊಳಗೆ ಹಂಚು. 2008ರ ಜನವರಿಯಲ್ಲಿ ಹೊರಬಂದ ಲಿನಕ್ಸ್ 2.6.24ರಲ್ಲಿ ಚೌಕಟ್ಟೂ ಈ ಹಂಚಿಕೆಯೂ ಒಟ್ಟಿಗೇ ಬಂದವು.

ಮೆಮೊರಿಯ ಕತೆ ಇನ್ನೂ ಕಠಿಣ. ಪ್ರೊಸೆಸರಿನ ಹೊತ್ತು ಕಳೆದರೆ ಕಳೆಯಿತು, ಮರುಕ್ಷಣ ಹೊಸ ಹೊತ್ತು ಬರುತ್ತದೆ. ಮೆಮೊರಿಯನ್ನು ಒಬ್ಬ ಹಿಡಿದು ಕೂತರೆ ಬಿಡಿಸುವುದು ಹೇಗೆ? ಕರ್ನಲ್ ಮೆಮೊರಿಯನ್ನು 4,096 ಬೈಟುಗಳ ಪುಟಗಳಾಗಿ ವಿಂಗಡಿಸಿಕೊಂಡಿರುತ್ತದೆ. 4 ಗಿಗಾಬೈಟಿನ ಸಾಧಾರಣ ಗಣಕದಲ್ಲೇ ಇಂಥ ಪುಟಗಳು ಹತ್ತು ಲಕ್ಷಕ್ಕೂ ಹೆಚ್ಚು. ಪ್ರತಿಯೊಂದು ಪುಟ ಯಾರ ಖಾತೆಗೆ ಸೇರಿದ್ದು ಎಂದು ಬರೆದಿಡಬೇಕು. ಬರೆದಿಡಲಿಕ್ಕೂ ಮೆಮೊರಿಯೇ ಬೇಕು! ಲೆಕ್ಕದ ಪುಸ್ತಕವೇ ಉಗ್ರಾಣವನ್ನು ತಿಂದುಹಾಕಿದರೆ ಏನು ಬಂತು ಎಂಬ ಆಕ್ಷೇಪ ಏಳುವುದು ಸಹಜವೇ.

ಇನ್ನೊಂದು ಜಿಜ್ಞಾಸೆ: ಯಾವುದನ್ನು ಎಣಿಸಬೇಕು? ತಂತ್ರಾಂಶ ತನ್ನ ಕೈಯಲ್ಲಿ ಹಿಡಿದುಕೊಂಡ ಮೆಮೊರಿ ಒಂದು ಬಗೆ. ಅದು ಓದಿದ ಕಡತಗಳ ಪ್ರತಿಯನ್ನು ಮುಂದೆ ಬೇಕಾದೀತೆಂದು ಕರ್ನಲ್ ಬದಿಗೆ ಇಟ್ಟುಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದನ್ನಷ್ಟೇ ಎಣಿಸಿದರೆ, ದೊಡ್ಡ ದೊಡ್ಡ ಕಡತಗಳನ್ನು ಓದುತ್ತ ಹೋಗುವವನೊಬ್ಬ ಮಿತಿ ಮೀರದೆಯೇ ಇಡೀ ಗಣಕವನ್ನು ತುಂಬಿಬಿಡಬಲ್ಲ. 2006ರ ಅಕ್ಟೋಬರಿನಲ್ಲಿ ಬಲಬೀರ್ ಸಿಂಗ್ ತಮ್ಮ ಮೊದಲ ಕರಡನ್ನು ಎಲ್ಲರ ಮುಂದಿಟ್ಟರು. ಮಾಸ್ಕೊದ ಓಪನ್‌ವಿಜಡ್ ತಂಡದ ಪಾವೆಲ್ ಎಮೆಲ್ಯಾನೊವ್ ಮೊದಲ ಬಗೆಯ ಮೆಮೊರಿಯನ್ನು ಎಣಿಸುವ ತಮ್ಮ ಕರಡುಗಳನ್ನು ಮೂರು ಸಲ ಇಟ್ಟರು. 2007ರಲ್ಲಿ ಕೆನಡದ ಒಟ್ಟಾವದಲ್ಲಿ ನಡೆದ ಲಿನಕ್ಸ್ ಸಮಾವೇಶದಲ್ಲಿ ಕೂತು ಚರ್ಚಿಸಿದವರೆಲ್ಲ ಎರಡೂ ಬಗೆಯನ್ನು ಒಟ್ಟಿಗೇ ಎಣಿಸಬೇಕೆಂದರು. ಇಬ್ಬರು ಒಂದೇ ಪುಟವನ್ನು ಬಳಸುತ್ತಿದ್ದರೆ ಯಾರ ಲೆಕ್ಕಕ್ಕೆ? ಮೊದಲು ಮುಟ್ಟಿದವನ ಲೆಕ್ಕಕ್ಕೆ. ಇದು ಪರಿಪೂರ್ಣ ನ್ಯಾಯವೇನಲ್ಲ. ಆದರೆ ಊರ ಪಂಚಾಯಿತಿಯ ತೀರ್ಪಿನಂತೆ ನಡೆಸಲು ಸಾಧ್ಯವಾದ ನ್ಯಾಯ.

2008ರ ಏಪ್ರಿಲ್‌ನಲ್ಲಿ ಬಂದ 2.6.25ರಲ್ಲಿ ಮೆಮೊರಿಯ ಕಾವಲುಗಾರ ಕೆಲಸಕ್ಕೆ ಹಾಜರಾದ. ಅಂದಿನಿಂದ ಒಂದು ಗುಂಪು ತನ್ನ ಮಿತಿ ಮುಟ್ಟಿದರೆ ಕರ್ನಲ್ ಮೊದಲು ಅದೇ ಗುಂಪಿನ ಹಳೆಯ ಪುಟಗಳನ್ನು ತೆರವು ಮಾಡಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಅದೇ ಗುಂಪಿನೊಳಗಿನ ಒಂದು ಕೆಲಸವನ್ನು ನಿರ್ದಾಕ್ಷಿಣ್ಯವಾಗಿ ಕೊಲ್ಲುತ್ತದೆ. ಪಕ್ಕದ ಮನೆಯವರಿಗೆ ಸುದ್ದಿಯೂ ತಿಳಿಯುವುದಿಲ್ಲ. ಮುಂದೆ ಜಪಾನಿನ ಕಮೆಜಾವಾ ಹಿರೊಯುಕಿ ಮೊದಲಾದವರು ಇದನ್ನು ಬೆಳೆಸಿದರು. ಕ್ಯಾಲಿಫೋರ್ನಿಯ, ಬೆಂಗಳೂರು, ಮಾಸ್ಕೊ, ಟೋಕಿಯೊ... ಎಲ್ಲಿಯವರೆಲ್ಲ ಸೇರಿ ಒಂದು ಬಾವಿಗೆ ಕಟ್ಟೆ ಕಟ್ಟಿದರು!

ಪೆಟ್ಟಿಗೆ ಹೊರಟಿತು

ಇಷ್ಟಾದರೂ ಇದನ್ನು ಬಳಸಬಲ್ಲವರು ಕೆಲವೇ ಪಳಗಿದ ಕೈಗಳು. 2013ರ ಮಾರ್ಚಿಯಲ್ಲಿ ಅಮೆರಿಕದ ಪೈಥಾನ್ ಸಮ್ಮೇಳನವೊಂದರಲ್ಲಿ ಡಾಟ್‌ಕ್ಲೌಡ್ ಎಂಬ ಸಣ್ಣ ಕಂಪೆನಿಯ ಸೊಲೊಮನ್ ಹೈಕ್ಸ್ ಕೆಲವೇ ನಿಮಿಷಗಳ ಮಾತಿನಲ್ಲಿ 'ಡಾಕರ್' ಎಂಬ ಸಾಧನವನ್ನು ತೋರಿಸಿದರು. ತೆರೆ, ಕಾವಲು ಎಲ್ಲವೂ ಹಳೆಯದೇ. ಹೊಸದೆಂದರೆ ಪೆಟ್ಟಿಗೆ. ತಂತ್ರಾಂಶ, ಅದು ನೆಚ್ಚಿಕೊಂಡ ಸಣ್ಣಪುಟ್ಟ ಗ್ರಂಥಭಂಡಾರಗಳು, ಅದರ ಸಂಯೋಜನೆ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ತುಂಬಿ ಮುಚ್ಚಿ, ಯಾವ ಲಿನಕ್ಸ್ ಗಣಕದಲ್ಲಿ ಬೇಕಾದರೂ ಹಾಗೆಯೇ ಬಿಚ್ಚಬಹುದು. ಅಲ್ಲಿಯತನಕ ತಂತ್ರಾಂಶ ಬರೆದವರಿಗೂ ಅದನ್ನು ನಡೆಸುವವರಿಗೂ ನಡೆಯುತ್ತಿದ್ದ ಜಗಳ ಒಂದೇ. ಇಲ್ಲಿ ಸರಿಯಾಗಿ ನಡೆಯುತ್ತದೆ, ಅಲ್ಲಿ ಯಾಕೆ ನಡೆಯುವುದಿಲ್ಲ?

ಹೆಸರು ಬಂದದ್ದು ಹಡಗಿನ ಕಂಟೇನರಿನಿಂದ. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಮಾಲೀಕನ 'ಐಡಿಯಲ್ ಎಕ್ಸ್' ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಾಗ ಬಂದರುಗಳ ಸ್ವರೂಪವೇ ಬದಲಾಗತೊಡಗಿತು. ಒಳಗೆ ಏನಿದೆ ಎಂದು ಕ್ರೇನಿನವನು ಕೇಳಬೇಕಾಗಿಲ್ಲ. ಪೆಟ್ಟಿಗೆಯ ಅಳತೆ ಒಂದೇ ಇದ್ದರಾಯಿತು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕಚೇರಿಗಳೂ ಇವೆ, ರೈಲಿನಲ್ಲಿ ಬಂದ ಕಬ್ಬಿಣದ ಕಂಟೇನರುಗಳನ್ನು ಇಳಿಸುವ ಡಿಪೋವೂ ಇದೆ. ಎರಡು ಬಗೆಯ ಪೆಟ್ಟಿಗೆಗಳೂ ಒಂದೇ ಊರಿನಲ್ಲಿ!

ಗಾತ್ರದ ವ್ಯತ್ಯಾಸ ನೋಡಿದರೆ ಡಾಕರ್ ಹಬ್ಬಿದ ವೇಗಕ್ಕೆ ಕಾರಣ ಗೊತ್ತಾಗುತ್ತದೆ. ವರ್ಚುಯಲ್ ಯಂತ್ರದ ಕಡತ ಹಲವು ಗಿಗಾಬೈಟು. 'ಆಲ್ಪೈನ್' ಎಂಬ ಪುಟ್ಟ ಲಿನಕ್ಸಿನ ಮೇಲೆ ಕಟ್ಟಿದ ಕಂಟೇನರಿನ ಬುನಾದಿ ಐದಾರು ಮೆಗಾಬೈಟು. ಕರ್ನಲ್ ಆಗಲೇ ಎದ್ದು ಕುಳಿತಿರುವುದರಿಂದ ಕಂಟೇನರ್ ಚಾಲೂ ಆಗಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಎಸ್ಸೆಸ್ಸೆಲ್ಸಿ ಫಲಿತಾಂಶದಂಥ ದಿನ ಒಂದರ ಜಾಗದಲ್ಲಿ ಐವತ್ತು ಪ್ರತಿ ನಿಲ್ಲಿಸಿ, ಸಂಜೆಗೆ ನಲವತ್ತೊಂಬತ್ತನ್ನು ಕಿತ್ತು ಹಾಕಬಹುದು. ಈ ಎಬ್ಬಿಸುವ, ಕೆಡವುವ, ಸತ್ತವರ ಜಾಗಕ್ಕೆ ಬೇರೆಯವರನ್ನು ಕೂರಿಸುವ ಮೇಸ್ತ್ರಿಕೆಗೆಂದೇ ಗೂಗಲ್ 2014ರಲ್ಲಿ 'ಕುಬರ್ನೆಟಿಸ್' ಎಂಬ ತಂತ್ರಾಂಶವನ್ನು ಬಿಟ್ಟುಕೊಟ್ಟಿತು. ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿದವ ಎಂದರ್ಥ. ವಾರಕ್ಕೆ 200 ಕೋಟಿಗೂ ಹೆಚ್ಚು ಕಂಟೇನರುಗಳನ್ನು ಎಬ್ಬಿಸುತ್ತೇವೆಂದು ಆ ಕಂಪೆನಿ ಅದೇ ವರ್ಷ ಹೇಳಿಕೊಂಡಿತ್ತು.

ಪೆಟ್ಟಿಗೆಯ ನಿಜವಾದ ಬೆಲೆ ತಿಳಿಯಬೇಕಾದರೆ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಕಡೆ ನೋಡಬೇಕು. ಅಲ್ಲಿ 2018ರಲ್ಲಿ 'ಮೊಸಿಪ್' ಎಂಬ ಯೋಜನೆ ಆರಂಭವಾಯಿತು. ಆಧಾರ್‌ನಂಥ ಗುರುತಿನ ವ್ಯವಸ್ಥೆಯನ್ನು ಯಾವ ದೇಶ ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಂಡು ಕಟ್ಟಿಕೊಳ್ಳಲಿ ಎಂದು ಮಾಡಿದ ಮುಕ್ತ ತಂತ್ರಾಂಶ. ಫಿಲಿಪ್ಪೀನ್ಸ್, ಮೊರಾಕೊ, ಇಥಿಯೋಪಿಯ ಅದನ್ನು ಆರಿಸಿಕೊಂಡವು. ಯಾವ ದೇಶವೂ ತನ್ನ ಪ್ರಜೆಗಳ ಬೆರಳಚ್ಚನ್ನು ಬೆಂಗಳೂರಿಗೆ ಕಳಿಸಿಕೊಡುವುದಿಲ್ಲ, ಕಳಿಸಲೂಬಾರದು. ಅಂದಮೇಲೆ ತಂತ್ರಾಂಶವೇ ಅವರಲ್ಲಿಗೆ ಹೋಗಬೇಕು; ಅವರ ಯಂತ್ರದಲ್ಲಿ, ಅವರ ಎಂಜಿನಿಯರುಗಳ ಕೈಯಲ್ಲಿ ಇಲ್ಲಿ ನಡೆದಂತೆಯೇ ನಡೆಯಬೇಕು. ಮೊಸಿಪ್ ಹಲವು ಬಿಡಿ ಸೇವೆಗಳಾಗಿ, ಕಂಟೇನರುಗಳಲ್ಲಿ ತುಂಬಿ, ಕುಬರ್ನೆಟಿಸ್‌ನ ಕೈಗೆ ಒಪ್ಪಿಸುವಂತೆ ಸಿದ್ಧವಾಗಿದೆ. ಕಂಪೆನಿಗಳ ಖರ್ಚು ಉಳಿಸಿದ್ದಕ್ಕಿಂತ ಇದು ದೊಡ್ಡ ಉಪಯೋಗ. ಬಡ ದೇಶವೊಂದು ಪರದೇಶದ ಕಂಪೆನಿಯೊಂದಕ್ಕೇ ಜನ್ಮಪೂರ್ತಿ ಗಂಟು ಬೀಳದೆ, ತನ್ನ ಜನರ ಲೆಕ್ಕವನ್ನು ತನ್ನ ನೆಲದಲ್ಲೇ ಇಟ್ಟುಕೊಳ್ಳುವ ದಾರಿ ಇದರಿಂದ ತೆರೆಯಿತು.

ಗೋಡೆ ಎಷ್ಟು ದಪ್ಪ?

ಆದರೆ ಪೆಟ್ಟಿಗೆಯಲ್ಲಿ ತಿರುಳಿಲ್ಲ ಎಂಬುದನ್ನು ಮರೆಯುವಂತಿಲ್ಲ. ಕಂಟೇನರ್ ಹೋದ ಕಡೆ ಅಲ್ಲಿಯ ಕರ್ನಲನ್ನೇ ನೆಚ್ಚಬೇಕು. ಲಿನಕ್ಸ್ ಪೆಟ್ಟಿಗೆಯನ್ನು ವಿಂಡೋಸಿನ ಕರ್ನಲ್ ಮೇಲೆ ನೇರವಾಗಿ ಬಿಚ್ಚಲಾಗದು. ವಿಂಡೋಸ್ ಮತ್ತು ಮ್ಯಾಕ್ ಗಣಕಗಳಲ್ಲಿ ಡಾಕರ್ ನಡೆಯುತ್ತದಲ್ಲ ಎಂದು ಕೇಳುವವರುಂಟು. ಅಲ್ಲಿ ತೆರೆಯ ಹಿಂದೆ ಸದ್ದಿಲ್ಲದೆ ಒಂದು ಲಿನಕ್ಸ್ ವರ್ಚುಯಲ್ ಯಂತ್ರ ಓಡುತ್ತಿರುತ್ತದೆ! ವರ್ಚುಯಲ್ ಯಂತ್ರದ ಕಾಲ ಮುಗಿಯಿತೆಂದು ಸಾರುವವರ ಎಷ್ಟೋ ಲ್ಯಾಪ್‌ಟಾಪುಗಳಲ್ಲೇ ಅದು ದುಡಿಯುತ್ತಿದೆ.

ಹೆಚ್ಚಿನ ಚಿಂತೆ ಬಾವಿಯದು. ಹಂಚಿಕೊಂಡ ಕರ್ನಲ್‌ನಲ್ಲಿ ಒಂದು ಬಿರುಕಿದ್ದರೆ ಎಲ್ಲ ಕೋಣೆಗಳಿಗೂ ಅಪಾಯ. 2016ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂದ 'ಡರ್ಟಿ ಕೌ' ಎಂಬ ದೋಷ ಲಿನಕ್ಸ್ ಕರ್ನಲ್‌ನಲ್ಲಿ ಸುಮಾರು ಒಂಬತ್ತು ವರ್ಷಗಳಿಂದ ಅಡಗಿತ್ತು. ಸಾಮಾನ್ಯ ಬಳಕೆದಾರನೊಬ್ಬ ಅದರ ಮೂಲಕ ಯಜಮಾನನ ಅಧಿಕಾರ ಪಡೆಯಬಹುದಿತ್ತು. 2019ರ ಫೆಬ್ರುವರಿಯಲ್ಲಿ ಕಂಟೇನರುಗಳನ್ನು ಎಬ್ಬಿಸುವ 'ರನ್‌ಸಿ' ಎಂಬ ಸಾಧನದಲ್ಲೇ ಬಿರುಕು ಸಿಕ್ಕಿತು. ಒಳಗಿನ ಕಪಟಿಯೊಬ್ಬ ಹೊರಗಿನ ಗಣಕದ ಮೇಲಿರುವ ಆ ಸಾಧನವನ್ನೇ ಅಳಿಸಿ ತನ್ನದನ್ನು ಬರೆಯಬಹುದಿತ್ತು. ಎರಡನ್ನೂ ಕೂಡಲೇ ದುರಸ್ತಿ ಮಾಡಲಾಯಿತೆನ್ನಿ.

ಹಾಗೆಂದು ವರ್ಚುಯಲ್ ಯಂತ್ರ ಅಭೇದ್ಯ ಕೋಟೆಯೇನಲ್ಲ. 2015ರಲ್ಲಿ ಪತ್ತೆಯಾದ 'ವೆನಮ್' ದೋಷ ಎಲ್ಲಿತ್ತು ಗೊತ್ತೇ? ಸುಳ್ಳು ಗಣಕಕ್ಕೆ ಜೋಡಿಸಿದ್ದ ಸುಳ್ಳು ಫ್ಲಾಪಿ ಡ್ರೈವಿನಲ್ಲಿ! ಫ್ಲಾಪಿಯನ್ನು ಲೋಕ ಮರೆತು ಎಷ್ಟೋ ವರ್ಷಗಳಾಗಿದ್ದವು. ಅದರ ಭೂತ ಮಾತ್ರ 2004ರಿಂದಲೂ ಒಳಗೇ ಕುಳಿತಿತ್ತು. ಆದರೂ ಹೈಪರ್‌ವೈಸರಿನ ಗೋಡೆಯಲ್ಲಿ ಕಿಂಡಿಗಳು ಕಡಿಮೆ. ಒಳಗಿನವನು ಹೊರಗಿನ ಜೊತೆ ಮಾತಾಡುವುದು ನಾಲ್ಕಾರು ಸುಳ್ಳು ಉಪಕರಣಗಳ ಮೂಲಕ. ಕಂಟೇನರಿನೊಳಗಿನ ತಂತ್ರಾಂಶವಾದರೋ ಕರ್ನಲ್ ಒದಗಿಸುವ ಮುನ್ನೂರಕ್ಕೂ ಹೆಚ್ಚು ಬಗೆಯ ಸೇವೆಗಳ ಬಾಗಿಲು ಬಡಿಯಬಹುದು. ಬುದ್ಧಿವಂತ ಆಡಳಿತಗಾರ ಅವುಗಳಲ್ಲಿ ಹಲವನ್ನು ಮುಚ್ಚಿಸಿರುತ್ತಾನೆ.

ಆದ್ದರಿಂದಲೇ ಅಪರಿಚಿತರಿಗೆ ಗಣಕ ಬಾಡಿಗೆ ಕೊಡುವ ಕಂಪೆನಿಗಳು ಜಾಣತನದ ಮಧ್ಯಮಾರ್ಗ ಹಿಡಿದಿವೆ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ವರ್ಚುಯಲ್ ಯಂತ್ರ, ಅದರೊಳಗೆ ಅವನು ಎಷ್ಟು ಬೇಕಾದರೂ ಕಂಟೇನರ್ ಕಟ್ಟಿಕೊಳ್ಳಲಿ. ಅಮೆಜಾನ್ 2018ರಲ್ಲಿ 'ಫೈರ್‌ಕ್ರ್ಯಾಕರ್' ಎಂಬ ಕಿರು ವರ್ಚುಯಲ್ ಯಂತ್ರವನ್ನು ಹೊರತಂದಿತು. ಅದು ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ ಏಳಬಲ್ಲುದು, ತನ್ನ ಮೈಗೆಂದು ತಿನ್ನುವುದು 5 ಮೆಗಾಬೈಟಿಗಿಂತ ಕಡಿಮೆ. ಬಾವಿ ಬೇರೆ ಬೇರೆಯೇ, ಆದರೆ ಕೊಳವೆ ಬಾವಿ ಎನ್ನಬಹುದೇನೋ!

ಸರ್ಕಾರಿ ಕಚೇರಿಗಳ ಟೆಂಡರುಗಳಲ್ಲೂ ಕಂಟೇನರ್ ಎಂಬ ಶಬ್ದ ಈಗ ಮಂತ್ರದಂತೆ ಬರುತ್ತದೆ. ಶಬ್ದ ಬಂದ ಮಾತ್ರಕ್ಕೆ ವ್ಯವಸ್ಥೆ ಹಗುರವೂ ಭದ್ರವೂ ಆಗಿಬಿಡುವುದಿಲ್ಲ. ಒಂದೇ ಇಲಾಖೆಯ ಹತ್ತು ಸೇವೆಗಳು ಒಂದು ಬಾವಿ ಹಂಚಿಕೊಂಡರೆ ತಪ್ಪಿಲ್ಲ. ರೈತನ ಹೊಲದ ದಾಖಲೆಯೂ ಯಾರೋ ಗುತ್ತಿಗೆದಾರ ತಂದಿಟ್ಟ, ಒಳಗೇನಿದೆ ಎಂದು ಯಾರೂ ಬಿಚ್ಚಿ ನೋಡದ ಪೆಟ್ಟಿಗೆಯೂ ಒಂದೇ ಬಾವಿಯ ನೀರು ಸೇದುತ್ತಿದ್ದರೆ, ಅಲ್ಲಿ ಉಳಿತಾಯದ ಮಾತು ಆಡುವುದು ಸರಿಯಲ್ಲ. ನಡುವೆ ದಪ್ಪ ಗೋಡೆಯೇ ಇರಬೇಕು.

ಇನ್ನೊಂದು ಎಚ್ಚರಿಕೆಯನ್ನು ಹೊಸಬರಿಗೆ ಹೇಳಲೇಬೇಕು. ಕಂಟೇನರ್ ಜಾತ್ರೆಯ ಅಂಗಡಿಯಿದ್ದಂತೆ. ಕಿತ್ತು ಹಾಕಿದಾಗ ಒಳಗೆ ಬರೆದಿಟ್ಟದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ದುಡ್ಡಿನ ಪೆಟ್ಟಿಗೆಯನ್ನು ಹೊರಗಿನ ಭದ್ರ ಜಾಗದಲ್ಲಿ ಇಟ್ಟಿರಬೇಕು. ತಂತ್ರಜ್ಞರು ಅದಕ್ಕೆ 'ವಾಲ್ಯೂಮ್' ಎನ್ನುತ್ತಾರೆ.

ಲಕ್ಷ್ಮೇಶ್ವರದಲ್ಲೇ ಈಗ ಅಗಡಿ ಎಂಜಿನಿಯರಿಂಗ್ ಕಾಲೇಜಿದೆ, ಗದಗಿನಲ್ಲಿ ತೋಂಟದಾರ್ಯ ಕಾಲೇಜಿದೆ. 4 ಗಿಗಾಬೈಟ್ ಮೆಮೊರಿಯ ಹಳೆಯ ಗಣಕದಲ್ಲಿ ಮೂರು ವರ್ಚುಯಲ್ ಯಂತ್ರ ಎಬ್ಬಿಸಿದರೆ ಅದು ಏದುಸಿರು ಬಿಡುತ್ತದೆ. ಅದೇ ಗಣಕದಲ್ಲಿ ಲಿನಕ್ಸ್ ಹಾಕಿ ಹತ್ತಾರು ಸಣ್ಣ ಕಂಟೇನರ್ ನಡೆಸಬಹುದು, ಖರ್ಚಿಲ್ಲದೆ. ಕುತೂಹಲವಿದ್ದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಲಿನಕ್ಸ್ ಕರ್ನಲ್‌ನ ಮೂಲ ಬರಹವನ್ನೇ ತೆರೆಯಬಹುದು. ಅದು ಎಲ್ಲರಿಗೂ ಬಿಟ್ಟದ್ದು. ಸಿಗ್ರೂಪಿನ ಎರಡನೆಯ ಆವೃತ್ತಿ 2016ರಲ್ಲಿ ಬಂತು. ಮೋಲ್ನಾರ್ ಅವರ ಹಂಚಿಕೆಯ ಪದ್ಧತಿಗೆ ಬದಲಾಗಿ 2023ರಲ್ಲಿ ಇನ್ನೊಂದು ಬಂತು. ಆದರೂ ಪ್ರೊಸೆಸರಿನ ಹೊತ್ತು ಹಂಚುವ ಕಡತದ ತಲೆಬರಹದಲ್ಲಿ, ಗುಂಪಿಗೆ ಪಾಲು ಕೊಡುವ ಭಾಗವನ್ನು ಸೇರಿಸಿದವರು ಶ್ರೀವತ್ಸ ವಡ್ಡಗಿರಿ ಎಂಬ ಸಾಲು 2007ರ ಇಸವಿಯೊಂದಿಗೆ ಈಗಲೂ ಇದೆ. ಮೆಮೊರಿಯ ಕಡತದ ತಲೆಯಲ್ಲಿ ಬಲಬೀರ್ ಸಿಂಗ್, ಅವರ ಕೆಳಗೆ ಪಾವೆಲ್ ಎಮೆಲ್ಯಾನೊವ್.